ಬ್ಯಾಗು ಹೊತ್ತವರಿಗೆ ಎಂಥ ಪೊಂಚೋ: ನನ್ನ ಅನುಭವ

ಮೊದಲೆಲ್ಲ ಮಳೆಗೆ ನಾನು ಜಾಕೆಟ್ಟನ್ನೇ ನಂಬಿದ್ದೆ. ಮೈಗೆ ಒಳ್ಳೆಯ ಜಾಕೆಟ್, ಬ್ಯಾಗಿಗೆ ಬೇರೆ ಕವರ್. ಒಂದು ಸಲ ಚಾರಣದಲ್ಲಿ ಬೆಳಗ್ಗೆ ಹಿಡಿದ ಮಳೆ ಸಂಜೆವರೆಗೂ ಬಿಡಲಿಲ್ಲ. ಆರೇಳು ಗಂಟೆ ನಡೆದು ಟೆಂಟ್ ಹಾಕಿ ಬ್ಯಾಗು ಬಿಚ್ಚಿದರೆ ಸ್ಲೀಪಿಂಗ್ ಬ್ಯಾಗಿನ ಒಂದು ಬದಿ ಒದ್ದೆ. ಕವರ್ ಎಲ್ಲೂ ಹರಿದಿರಲಿಲ್ಲ. ನೀರು ಬಂದದ್ದು ಬೆನ್ನಿನ ಕಡೆಯಿಂದ. ಹುಡ್ಡಿನಿಂದ, ಅಂದರೆ ಜಾಕೆಟ್ಟಿನ ತಲೆಗವಸಿನಿಂದ, ಕತ್ತಿನ ಹಿಂದೆ ಇಳಿದ ನೀರು ಜಾಕೆಟ್ಟಿಗೂ ಬ್ಯಾಗಿಗೂ ನಡುವಿನ ಸಂದಿಯಲ್ಲಿ ಹರಿದು ಒಳಗೆ ಸೇರಿತ್ತು. ಕವರ್ ಆ ಬದಿಯನ್ನು ಮುಚ್ಚುವುದೇ ಇಲ್ಲ, ಅಲ್ವಾ? ಜಾಕೆಟ್ಟಿನ ಒಳಗಿದ್ದ ಅಂಗಿಯೂ ಹಿಂಡುವಷ್ಟು ತೋಯ್ದಿತ್ತು. ಅದು ಮಳೆಯಲ್ಲ, ಬೆವರು.

ಆ ರಾತ್ರಿ ಚಳಿಯಲ್ಲಿ ನಿದ್ದೆ ಬರಲಿಲ್ಲ. ನೀರು ಶಾಖವನ್ನು ಗಾಳಿಗಿಂತ ಸುಮಾರು 24 ಪಟ್ಟು ಬೇಗ ಸಾಗಿಸುತ್ತದೆ ಎಂದು ಓದಿದ್ದೆ. ಅದು ಏನು ಅಂತ ಮೈಗೆ ಗೊತ್ತಾದದ್ದು ಅವತ್ತು. ಬ್ಯಾಗನ್ನೂ ಮೈಯನ್ನೂ ಒಟ್ಟಿಗೆ ಮುಚ್ಚುವ, ಗಾಳಿ ಆಡಲು ಬಿಡುವ ಒಂದು ಹೊದಿಕೆ ಬೇಕು ಅನ್ನಿಸಿ ಪೊಂಚೋ, ಅಂದರೆ ನಡುವೆ ತಲೆ ತೂರಿಸಿ ಹೊದೆಯುವ ಅಗಲವಾದ ಮಳೆಬಟ್ಟೆ, ಹುಡುಕತೊಡಗಿದೆ.

ಮೊದಲು ಕೊಂಡದ್ದು ತೆಳು ಪ್ಲಾಸ್ಟಿಕ್ಕಿನದು. ತೂಕ 60 ಗ್ರಾಂ ಕೂಡ ಇರಲಿಲ್ಲ. ಮುಳ್ಳುಗಿಡದ ದಾರಿಯಲ್ಲಿ ಅರ್ಧ ದಿನಕ್ಕೇ ಹೆಗಲಿನಿಂದ ಅಂಚಿನವರೆಗೆ ಸೀಳಿತು. ತುರ್ತಿಗೆ ಬ್ಯಾಗಿನ ಮೂಲೆಯಲ್ಲಿ ಇಟ್ಟುಕೊಳ್ಳಲು ಅದು ಸಾಕು, ದಿನವಿಡೀ ನಡೆಯುವವರಿಗೆ ಸಾಲದು. ಎರಡನೆಯದು ಸೈನಿಕರು ಬಳಸುವ ಮಾದರಿಯ ದಪ್ಪ ಪೊಂಚೋ. ತುಂಬಾ ಗಟ್ಟಿ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 680 ಗ್ರಾಂ ತೂಗಿತು. ಒದ್ದೆಯಾದ ಮೇಲೆ ಇನ್ನೂ ಜಾಸ್ತಿ. ಮಳೆ ಬರದ ದಿನಗಳಲ್ಲೂ ಅಷ್ಟು ಭಾರ ಹೊರಬೇಕು ಎನ್ನುವುದೇ ಬೇಸರ.

ಹಗುರವೂ ಆಗಿ ಬಾಳಿಕೆಯೂ ಬರುವ ಬಟ್ಟೆ ಯಾವುದು ಎಂದು ಕೂತು ಓದಿದ್ದು ಆಮೇಲೆ. ಇಂಥ ಪೊಂಚೋಗಳು ಹೆಚ್ಚಾಗಿ ಸಿಲಿಕೋನ್ ಲೇಪಿಸಿದ ನೈಲಾನ್ ಅಥವಾ ಪಾಲಿಯೆಸ್ಟರಿನವು. ಸಿಲ್‌ನೈಲಾನ್, ಸಿಲ್‌ಪಾಲಿ ಎಂದು ಕರೆಯುತ್ತಾರೆ. ಅದೇ ತೂಕದಲ್ಲಿ ನೈಲಾನ್ ಹರಿಯುವುದು ಕಡಿಮೆ. ಆದರೆ ನೀರು ಹೀರಿ ಸ್ವಲ್ಪ ಹಿಗ್ಗುತ್ತದೆ. ಪಾಲಿಯೆಸ್ಟರ್ ಹಾಗೆ ಹಿಗ್ಗುವುದಿಲ್ಲ. ಮೈ ಮೇಲೆ ಹೊದೆಯಲು ಈ ಹಿಗ್ಗುವಿಕೆ ಲೆಕ್ಕಕ್ಕೇ ಬರುವುದಿಲ್ಲ. ಅದನ್ನೇ ಚಪ್ಪರದಂತೆ ಕಟ್ಟಿ ಮಲಗುವವರಿಗೆ ಮಾತ್ರ ರಾತ್ರಿ ಎದ್ದು ಹಗ್ಗ ಬಿಗಿ ಮಾಡುವ ಕೆಲಸ. ನನಗೆ ಮುಳ್ಳಿನ ಭಯ ಜಾಸ್ತಿ, ಹಾಗಾಗಿ ನೈಲಾನ್ ಆರಿಸಿದೆ.

ಬಟ್ಟೆಯ ಜೊತೆ 10ಡಿ, 20ಡಿ, 30ಡಿ ಎಂದು ಬರೆದಿರುತ್ತದೆ. ಡಿ ಅಂದರೆ ಡೆನಿಯರ್. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಅಳತೆ ಅದು. 10ರದ್ದನ್ನು ಕೈಯಲ್ಲಿ ಹಿಡಿದರೆ ಈರುಳ್ಳಿ ಸಿಪ್ಪೆ ಹಿಡಿದಂತೆ ಅನ್ನಿಸಿತು, ಧೈರ್ಯ ಬರಲಿಲ್ಲ. ತೆರೆದ ಹುಲ್ಲುಗಾವಲಿನ ದಾರಿಯಲ್ಲಿ ನಡೆಯುವವರಿಗೆ ಅದೂ ಆದೀತು. ಕಾಡಿನ ಕಿರುದಾರಿಗೆ 20 ಅಥವಾ 30 ಬೇಕು ಎನ್ನುವುದು ನನ್ನ ಅಭಿಪ್ರಾಯ.

ಇನ್ನು ಆ ದೊಡ್ಡ ಸಂಖ್ಯೆ. 1500 ಮಿ.ಮೀ., 3000 ಮಿ.ಮೀ., 10000 ಮಿ.ಮೀ. ಎಂದು ಬರೆದಿರುತ್ತಾರಲ್ಲ, ಅದು. ಬಟ್ಟೆಯ ಮೇಲೆ ನೀರಿನ ಒಂದು ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ನೀರು ಒಳಗೆ ಜಿನುಗುವುದಿಲ್ಲ ಎಂಬುದರ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಂಡು ನಾನು ಬಹಳ ದಿನ ಅದರ ಹಿಂದೆಯೇ ಬಿದ್ದಿದ್ದೆ. ಆಮೇಲೆ ಒಂದು ಸಣ್ಣ ಲೆಕ್ಕ ಹಾಕಿದೆ. 1 ಮೀಟರ್ ನೀರಿನ ಕಂಬ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 100 ಗ್ರಾಂ ಭಾರ. ಹಾಗಾದರೆ 1500 ಮಿ.ಮೀ. ಅಂದರೆ 150 ಗ್ರಾಂ. ಸುಮ್ನೆ ಮೇಲಿನಿಂದ ಬೀಳುವ ಮಳೆಯನ್ನು ತಡೆಯಲು ಇಷ್ಟು ಸಾಕು. ಸಾಲದೆ ಬರುವುದು ಬಟ್ಟೆಯನ್ನು ಏನಾದರೂ ಒತ್ತಿದಾಗ. ಮಂಡಿಯೂರಿ ಕೂತರೆ ಸುಮಾರು 30 ಕಿಲೋ ಭಾರ 50 ಚದರ ಸೆಂಟಿಮೀಟರಿನ ಮೇಲೆ ಬಿತ್ತು ಎಂದುಕೊಳ್ಳಿ. ಚದರ ಸೆಂಟಿಮೀಟರಿಗೆ 600 ಗ್ರಾಂ ಆಯಿತು. 6000 ಮಿ.ಮೀ. ನೀರಿಗೆ ಸಮ.

ಜಾಕೆಟ್ ಹಾಕಿದಾಗ ಬ್ಯಾಗಿನ ಪಟ್ಟಿಗಳು ದಿನವಿಡೀ ಹೆಗಲಿನ ಬಟ್ಟೆಯನ್ನು ಒತ್ತಿ ಉಜ್ಜುತ್ತಿರುತ್ತವೆ. ಪೊಂಚೋ ಪಟ್ಟಿಗಳ ಮೇಲೆ ಸಡಿಲವಾಗಿ ಬೀಳುತ್ತದೆ. ಅದನ್ನು ಒತ್ತುವವರೇ ಇಲ್ಲ. ಇದು ಹೊಳೆದ ಮೇಲೆ 10000ದ ಆಸೆ ಬಿಟ್ಟೆ. 2000ದ ಆಸುಪಾಸಿನ ಬಟ್ಟೆ ನನಗೆ ಜೋರು ಮಳೆಯಲ್ಲೂ ಸಾಕಾಗಿದೆ. ಒದ್ದೆ ಬಂಡೆಯ ಮೇಲೆ ಪೊಂಚೋ ಹಾಸಿ ಕೂರುವ ಅಭ್ಯಾಸ ಮಾತ್ರ ಬಿಟ್ಟಿದ್ದೇನೆ.

ಬಟ್ಟೆ ನೀರು ಬಿಡದಿದ್ದರೂ ಹೊಲಿಗೆ ಬಿಡುತ್ತದೆ. ಇದನ್ನು ನಾನು ಒದ್ದೆಯಾಗಿಯೇ ಕಲಿತೆ. ಮೂರನೆಯ ಪೊಂಚೋ 20ಡಿ ಸಿಲ್‌ನೈಲಾನಿನದು. ಎರಡು ಗಂಟೆ ಮಳೆಯಲ್ಲಿ ನಡೆದ ಮೇಲೆ ಕತ್ತಿನ ಹತ್ತಿರ ತಣ್ಣಗೆ ಆಗತೊಡಗಿತು. ಹುಡ್ಡು ಮೈಬಟ್ಟೆಗೆ ಸೇರುವ ಜಾಗದಲ್ಲಿ ಒಂದು ಸುತ್ತು ಹೊಲಿಗೆ ಇತ್ತು. ಸೂಜಿ ಚುಚ್ಚಿದ ಪ್ರತಿಯೊಂದು ತೂತೂ ಒಸರುತ್ತಿತ್ತು. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ಲೇಪಿಸಿದ ಬಟ್ಟೆಗಾದರೆ ಒಳಗಿನಿಂದ ಟೇಪು ಅಂಟಿಸಿ ಕೊಡುತ್ತಾರೆ. ಎರಡೂ ಬದಿ ಸಿಲಿಕೋನ್ ಇದ್ದರೆ ಆ ಟೇಪು ನಿಲ್ಲುವುದಿಲ್ಲ. ಸಿಲಿಕೋನಿಗೆ ಸಿಲಿಕೋನೇ ಅಂಟಬೇಕು. ಹಾಗಾಗಿ ಸಿಲಿಕೋನ್ ಸೀಲಂಟ್ ತಂದು, ಮಿನರಲ್ ಸ್ಪಿರಿಟ್ಟಿನಲ್ಲಿ (ಬಣ್ಣ ತೆಳು ಮಾಡಲು ಬಳಸುವ ದ್ರವ) ಸ್ವಲ್ಪ ತೆಳು ಮಾಡಿ, ಸಣ್ಣ ಬ್ರಷ್ಷಿನಿಂದ ಹೊಲಿಗೆಯ ಉದ್ದಕ್ಕೂ ಹಚ್ಚಿದೆ. ಕಿಟಕಿ ಬಾಗಿಲು ತೆರೆದಿಟ್ಟು ಈ ಕೆಲಸ ಮಾಡಿ, ಆ ವಾಸನೆ ಒಳ್ಳೆಯದಲ್ಲ. ಒಂದು ಇಡೀ ದಿನ ಒಣಗಿಸಿ, ಬಟ್ಟೆ ಒಂದಕ್ಕೊಂದು ಅಂಟದಿರಲಿ ಎಂದು ಮೇಲೆ ಟಾಲ್ಕಂ ಪೌಡರ್ ಉದುರಿಸಿದೆ. ಆಮೇಲೆ ಕತ್ತು ಒದ್ದೆಯಾಗಿಲ್ಲ.

ಈಗ ಯಾವ ಪೊಂಚೋ ಕೈಗೆ ಬಂದರೂ ಮೊದಲು ಒಳಗು ಮಗುಚಿ ಹೊಲಿಗೆ ನೋಡುತ್ತೇನೆ. ಹೆಗಲಿನ ಮೇಲೆ, ನೆತ್ತಿಯ ಮೇಲೆ ಹೊಲಿಗೆ ಇಲ್ಲದಿದ್ದರೆ ಅರ್ಧ ಚಿಂತೆ ಕಳೆಯಿತು. ಮನೆಗೆ ತಂದ ಮೇಲೆ ಶವರಿನ ಕೆಳಗೆ ಹಾಕಿಕೊಂಡು ಹತ್ತು ನಿಮಿಷ ನಿಲ್ಲುತ್ತೇನೆ. ಒಳಗೆ ಬೂದು ಬಣ್ಣದ ಹತ್ತಿ ಅಂಗಿ ಇರಬೇಕು. ನೀರು ಎಲ್ಲಿ ತಾಕಿದರೂ ಕಪ್ಪಗೆ ಕಾಣುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಒಳಗೆ ತೇವ ಕಂಡ ಕೂಡಲೇ ಸೋರಿತು ಎಂದುಕೊಳ್ಳಬೇಡಿ. ಏರು ಹತ್ತುವಾಗ ಗಂಟೆಗೆ ಅರ್ಧ ಲೀಟರಿಗಿಂತ ಜಾಸ್ತಿ ಬೆವರುವುದು ಸಾಮಾನ್ಯ. ಆ ಆವಿ ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಸೋರಿದ್ದಾದರೆ ಹೊಲಿಗೆಯ ಗುಂಟ ಗೆರೆಯಂತೆ ಇಳಿದಿರುತ್ತದೆ. ಬೆವರಿನ ಆವಿಯಾದರೆ ಎಲ್ಲ ಕಡೆ ಮಂಜು ಕೂತಂತೆ ಸಮನಾಗಿರುತ್ತದೆ. ಪೊಂಚೋದ ಬದಿಗಳು ತೆರೆದಿರುವುದರಿಂದ ಜಾಕೆಟ್ಟಿನಲ್ಲಿ ಆಗುವಷ್ಟು ಆಗುವುದಿಲ್ಲ, ಆದರೆ ಪೂರ್ತಿ ತಪ್ಪುವುದೂ ಇಲ್ಲ. ಬೆವರಿನ ಆವಿ ಹೊರಗೆ ಬಿಡುವ ಪೊರೆ ಇರುವ ಪೊಂಚೋಗಳೂ ಸಿಗುತ್ತವೆ. ಬದಿಯಿಂದಲೇ ಅಷ್ಟು ಗಾಳಿ ಬರುವಾಗ ಆ ಪೊರೆಯ ಭಾರ ಯಾಕೆ ಹೊರಬೇಕು ಎಂದು ನಾನು ಅದನ್ನು ಬಿಟ್ಟೆ.

ಅಳತೆಯ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಬ್ಯಾಗಿಲ್ಲದೆ ಹಾಕಿ ನೋಡಿ ಕೊಂಡರೆ ಖಂಡಿತ ಮೋಸ ಹೋಗುತ್ತೀರಿ. ಬೆನ್ನ ಮೇಲಿನ ಬ್ಯಾಗು ಹಿಂಬದಿಯ ಬಟ್ಟೆಯನ್ನೆಲ್ಲ ಮೇಲೆ ಎಳೆದುಕೊಳ್ಳುತ್ತದೆ. ಮಂಡಿಯವರೆಗೆ ಇದ್ದದ್ದು ಸೊಂಟಕ್ಕೆ ಬರುತ್ತದೆ, ಬ್ಯಾಗಿನ ಕೆಳಭಾಗ ಹೊರಗೇ ಉಳಿಯುತ್ತದೆ. ನಾನು 45 ಲೀಟರಿನ ಬ್ಯಾಗು ತುಂಬಿ, ಹೊತ್ತು ನಿಂತು, ಒಂದು ದಾರ ಹಿಡಿದು ಅಳೆಸಿದೆ. ಮುಂದಿನ ಮಂಡಿಯಿಂದ ಹೆಗಲು ಹತ್ತಿ, ಬ್ಯಾಗಿನ ಉಬ್ಬು ದಾಟಿ, ಹಿಂದಿನ ಮಂಡಿಯವರೆಗೆ 250 ಸೆಂ.ಮೀ. ಬಂತು. ಬ್ಯಾಗು ಇಳಿಸಿ ಅಳೆದರೆ 215. ಈ 35 ಸೆಂ.ಮೀ. ಬಟ್ಟೆ ಬ್ಯಾಗು ಇಲ್ಲದಾಗ ಹಿಂದೆ ಮಂಡಿಯಿಂದ ಕೆಳಗೆ ಇಳಿಬಿದ್ದು ಕಾಲಿಗೆ ತೊಡರುತ್ತದೆ. ಅದಕ್ಕೇ ಹಿಂಬದಿಯನ್ನು ಮಡಚಿ ಟಿಚ್ ಬಟನ್ ಹಾಕುವ ವ್ಯವಸ್ಥೆ ಇರುವುದನ್ನೇ ಹುಡುಕಿದೆ.

ಅಳತೆ ಗೊತ್ತಾದರೆ ತೂಕದ ಸುಳ್ಳೂ ಗೊತ್ತಾಗುತ್ತದೆ. 2.5 ಮೀಟರ್ ಉದ್ದ, 1.45 ಮೀಟರ್ ಅಗಲ ಅಂದರೆ ಸುಮಾರು 3.6 ಚದರ ಮೀಟರ್ ಬಟ್ಟೆ. ಚದರ ಮೀಟರಿಗೆ 40 ಗ್ರಾಂ ಹಿಡಿದರೆ 145 ಗ್ರಾಂ. ಹುಡ್ಡು, ಬಟನ್ನು, ಲಾಡಿ, ಹೊಲಿಗೆ ಸೇರಿ ಇನ್ನೊಂದು 50. ಒಟ್ಟು 200 ಗ್ರಾಂ ಹತ್ತಿರ ಬರಲೇಬೇಕು. ಇದೇ ಬಟ್ಟೆಯಲ್ಲಿ, ಇದೇ ಅಳತೆಯಲ್ಲಿ 120 ಗ್ರಾಂ ಎಂದು ಯಾರಾದರೂ ಹೇಳಿದರೆ ಎಲ್ಲೋ ಲೆಕ್ಕ ತಪ್ಪಿದೆ. ನನ್ನದು 230 ಗ್ರಾಂ ಇದೆ. ಮೊದಲಿನ ಜಾಕೆಟ್ಟು, ಬ್ಯಾಗಿನ ಕವರ್ ಎರಡೂ ಸೇರಿ 430 ಗ್ರಾಂ ಇದ್ದವು.

ಹುಡ್ಡಿಗೆ ಹಿಂದೆ ಒಂದು, ಮುಂದೆ ಎರಡು ಲಾಡಿ ಇರಲಿ. ತಲೆ ತಿರುಗಿಸಿದಾಗ ಹುಡ್ಡೂ ಜೊತೆಗೆ ತಿರುಗಬೇಕು, ಇಲ್ಲದಿದ್ದರೆ ಪಕ್ಕಕ್ಕೆ ನೋಡಿದಾಗೆಲ್ಲ ಬಟ್ಟೆಯ ಒಳಮೈ ಕಾಣುತ್ತದೆ. ಒಳಗೆ ಮುಂಚಾಚು ಇರುವ ಟೋಪಿ ಹಾಕಿದರೆ ಕಣ್ಣಿಗೆ ಹನಿ ಬೀಳುವುದಿಲ್ಲ. ಬಣ್ಣ ಕಿತ್ತಳೆ ಅಥವಾ ಹಳದಿ. ಮಂಜಿನಲ್ಲಿ ಜೊತೆಯವರಿಗೆ ಕಾಣಬೇಕಲ್ಲ.

ಪೊಂಚೋದ ದೊಡ್ಡ ವೈರಿ ಗಾಳಿ. ಒಮ್ಮೆ ಮರವೇ ಇಲ್ಲದ ಬೆಟ್ಟದ ನೆತ್ತಿಯ ಮೇಲೆ ಗಾಳಿ ಬದಿಯಿಂದ ನುಗ್ಗಿ ಮುಂದಿನ ಬಟ್ಟೆಯನ್ನು ಎತ್ತಿ ನನ್ನ ಮುಖಕ್ಕೇ ಹೊದಿಸಿತು. ಎರಡೂ ಕಡೆ ಇಳಿಜಾರು, ಕಾಲು ಎಲ್ಲಿದೆ ಎಂದೇ ಕಾಣಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಎರಡು ಕೆಲಸ ಮಾಡಿದೆ. ಸೊಂಟದ ಮಟ್ಟದಲ್ಲಿ, ಬ್ಯಾಗಿನ ಕೆಳಭಾಗವನ್ನೂ ಸೇರಿಸಿ, ಹೊರಗಿನಿಂದ ಒಂದು ಎಲಾಸ್ಟಿಕ್ ದಾರ ಸುತ್ತಿ ಕೊಕ್ಕೆ ಹಾಕುತ್ತೇನೆ. ಬದಿಯ ಬಟನ್ನುಗಳನ್ನು ಎರಡೆರಡಾದರೂ ಹಾಕಿಯೇ ನಡೆಯುತ್ತೇನೆ. ಬಟನ್ ಕೂರಿಸಿದ ಜಾಗದಲ್ಲಿ ಹಿಂದೆ ಇನ್ನೊಂದು ತುಂಡು ಬಟ್ಟೆ ಕೊಟ್ಟಿದ್ದಾರಾ ಎಂದು ಕೊಳ್ಳುವಾಗಲೇ ನೋಡಿ. ಕೊಟ್ಟಿಲ್ಲದಿದ್ದರೆ ಬಿಚ್ಚುವಾಗ ಬಟನ್ ಬಟ್ಟೆಯ ಸಮೇತ ಕಿತ್ತು ಬರುತ್ತದೆ. ಇಳಿಯುವಾಗ ಮುಂದಿನ ಅಂಚನ್ನು ಎತ್ತಿ ಆ ದಾರಕ್ಕೆ ಸಿಕ್ಕಿಸಿಕೊಂಡರೆ ಪಾದ ಕಾಣುತ್ತದೆ.

ಇಷ್ಟಾದರೂ ಬಂಡೆ ಹತ್ತಲು ಕೈ ಬಳಸಬೇಕಾದ ಕಡೆ, ದಿನವಿಡೀ ಬೋಳು ಬೆಟ್ಟದ ಮೇಲೆ ಬಿರುಗಾಳಿ ಇರುವ ಕಡೆ ನಾನು ಪೊಂಚೋ ಒಯ್ಯುವುದಿಲ್ಲ. ಅಲ್ಲಿ ಜಾಕೆಟ್ಟೇ ಸರಿ. ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಸಾಮಾನು ತುಂಬಿದರೆ ಬೆನ್ನಿನ ಕಡೆಯ ನೀರಿಗೂ ಹೆದರಬೇಕಿಲ್ಲ. ಕೋಲು ಹಿಡಿದು ನಡೆಯುವವರಿಗೆ ಮುಂಗೈ ಒದ್ದೆಯಾಗುತ್ತದೆ, ಮಂಡಿಯ ಕೆಳಗೂ ಒದ್ದೆಯಾಗುತ್ತದೆ. ಕಾಲಿಗೆ ಗೇಟರ್, ಅಂದರೆ ಮಂಡಿಯ ಕೆಳಗೆ ಸುತ್ತಿಕೊಳ್ಳುವ ಕಾಲ್ಕವಚ, ಹಾಕುತ್ತೇನೆ, ಕೈ ಒದ್ದೆಯಾದರೆ ಆಗಲಿ.

ಮೂಲೆಗಳಲ್ಲಿ ಕುಣಿಕೆ ಇದ್ದರೆ ಪೊಂಚೋವನ್ನೇ ಚಪ್ಪರವಾಗಿ ಕಟ್ಟಬಹುದು. ಮಧ್ಯಾಹ್ನ ಮಳೆಯಲ್ಲಿ ಕೂತು ಊಟ ಮಾಡಲು ನಾನು ಕಟ್ಟಿದ್ದೇನೆ. ಅದೊಂದನ್ನೇ ನಂಬಿ ರಾತ್ರಿ ಮಲಗಿಲ್ಲ. ನಡುರಾತ್ರಿ ಹೊರಗೆ ಹೋಗಬೇಕಾದರೆ ತಲೆಯ ಮೇಲಿನ ಸೂರನ್ನೇ ಬಿಚ್ಚಿ ಹೊದೆಯಬೇಕಾಗುತ್ತದೆ.

ಆ 680 ಗ್ರಾಮಿನ ಹಳೆಯದನ್ನು ಒಮ್ಮೆ ಒದ್ದೆಯಾಗಿಯೇ ಸುತ್ತಿಟ್ಟು ಮರೆತಿದ್ದೆ. ತಿಂಗಳುಗಳ ಮೇಲೆ ತೆಗೆದರೆ ಒಳಗಿನ ಪಾಲಿಯುರಿಥೇನ್ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತಿತ್ತು, ಬೂಷ್ಟಿನ ವಾಸನೆ ಬೇರೆ. ಈಗ ಮನೆಗೆ ಬಂದ ದಿನವೇ ನೆರಳಿನಲ್ಲಿ ಹರವಿ ಒಣಗಿಸುತ್ತೇನೆ. ಕೊಳೆಯಾದರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು. ಬಟ್ಟೆ ಮೃದು ಮಾಡುವ ದ್ರವ ಹಾಕುವುದಿಲ್ಲ.

ದಾರಿಯಲ್ಲಿ ಅದು ಇರುವುದು ಬ್ಯಾಗಿನ ಹೊರಗಿನ ಜೇಬಿನಲ್ಲಿ, ಎಲ್ಲಕ್ಕಿಂತ ಮೇಲೆ. ಒಬ್ಬರೇ ಇದ್ದಾಗ ಹಿಂದಿನ ಬಟ್ಟೆಯನ್ನು ಬ್ಯಾಗಿನ ಮೇಲೆ ಹಾಯಿಸುವುದು ಕಷ್ಟ. ಅದಕ್ಕೆ ಹಿಂಬದಿಯ ಎರಡು ಮೂಲೆಗೂ ಮೊಳದುದ್ದದ ದಾರ ಕಟ್ಟಿದ್ದೇನೆ. ತಲೆ ತೂರಿಸಿ, ಎರಡೂ ದಾರ ಹಿಡಿದು, ಬಟ್ಟೆಯನ್ನು ಮೇಲಿನಿಂದ ಹಿಂದಕ್ಕೆ ಬೀಸಿ, ಕೆಳಗೆ ಎಳೆದರೆ ಬ್ಯಾಗು ಮುಚ್ಚುತ್ತದೆ. ಮನೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿದ ಮೇಲೆ ಈಗ ಅರ್ಧ ನಿಮಿಷದ ಕೆಲಸ. ಮೊದಲ ದಪ್ಪ ಹನಿ ಬಿದ್ದಾಗ ಅಷ್ಟು ಹೊತ್ತು ಸಿಕ್ಕೇ ಸಿಗುತ್ತದೆ.