ಹಳೆಯ ಪುಸ್ತಕರೂಪದ ಚಾಲನಾ ಲೈಸೆನ್ಸ್ ಆನ್‌ಲೈನ್‌ನಲ್ಲಿ ಸಿಗದಿದ್ದಾಗ

ಚಿಕ್ಕಪ್ಪನ ಚಾಲನಾ ಪರವಾನಗಿ 2005ರದು. ಕೈಬರಹದ ಪುಟ್ಟ ಪುಸ್ತಕ. ಐವತ್ತು ತುಂಬಿ ಅವಧಿ ಮುಗಿದಾಗ ನವೀಕರಿಸಲು ಚಾಲನಾ ಪರವಾನಗಿಗಳ ಸರ್ಕಾರಿ ಜಾಲತಾಣ ‘ಸಾರಥಿ’ಯಲ್ಲಿ ಸಂಖ್ಯೆ ಹಾಕಿದೆವು. ಅಂಥ ದಾಖಲೆಯೇ ಇಲ್ಲ ಎಂಬ ಉತ್ತರ ಬಂತು. ಮಧ್ಯವರ್ತಿಯೊಬ್ಬರು ಹೊಸದಾಗಿ ಎಲ್ಎಲ್ (ಕಲಿಕಾ ಪರವಾನಗಿ) ಮಾಡಿಸಿ ಎಂದರು. ದಯವಿಟ್ಟು ಯಾರೂ ಆ ಮಾತಿಗೆ ಒಪ್ಪಬೇಡಿ, ಇಷ್ಟು ವರ್ಷಗಳ ಚಾಲನೆಯ ದಾಖಲೆ ಸುಮ್ಮನೆ ಕೈಬಿಟ್ಟುಹೋಗುತ್ತದೆ.

ಕಾರಣ ಸರಳ. ಪುಸ್ತಕದ ಕಾಲದ ಅನೇಕ ಪರವಾನಗಿಗಳು ಕಂಪ್ಯೂಟರಿಗೆ ಏರಿಲ್ಲ. ಅವನ್ನು ಸೇರಿಸುವ ಕೆಲಸಕ್ಕೆ ಕಚೇರಿಯಲ್ಲಿ ‘ಬ್ಯಾಕ್‌ಲಾಗ್ ಎಂಟ್ರಿ’ ಎನ್ನುತ್ತಾರೆ. ಪರವಾನಗಿ ಕೊಟ್ಟ ಮೂಲ ಆರ್‌ಟಿಒ ಕಚೇರಿಗೇ ಅಸಲು ಪುಸ್ತಕ, ಆಧಾರ್ ಮತ್ತು ಒಂದು ಮನವಿ ಪತ್ರದೊಂದಿಗೆ ಹೋದೆವು. ಅವರು ಹಳೆಯ ವಹಿಯೊಂದಿಗೆ ತಾಳೆ ನೋಡಿ ವಿವರ ಸೇರಿಸಿದರು. ಹೊಸ ಸಂಖ್ಯೆ 15 ಅಕ್ಷರಗಳದ್ದು: ಕೆಎ, ಕಚೇರಿಯ ಸಂಕೇತ, ವರ್ಷ, ಕೊನೆಗೆ ಸೊನ್ನೆಗಳಿಂದ ತುಂಬಿದ ಏಳಂಕಿಯ ಕ್ರಮಸಂಖ್ಯೆ. ಹೆಸರು, ಜನ್ಮದಿನಾಂಕ ಮತ್ತು ವಾಹನದ ವರ್ಗ ಸರಿಯಿದೆಯೇ ಎಂದು ಅಲ್ಲಿಯೇ ಪರದೆಯ ಮೇಲೆ ನೋಡಿಕೊಳ್ಳಿ. ಕಾರಿನ ವರ್ಗ ಬಿಟ್ಟುಹೋದರೆ ಮತ್ತೆ ಅಲೆದಾಟ.

ಆಮೇಲೆ ಅರ್ಜಿ ಸಲೀಸಾಗಿ ಸಾಗಿತು. ನಲವತ್ತು ದಾಟಿದವರಿಗೆ ವೈದ್ಯರು ಸಹಿ ಮಾಡಿದ ನಮೂನೆ 1ಎ ಬೇಕು. ಐವತ್ತರಿಂದ ಐವತ್ತೈದರೊಳಗಿನವರಿಗೆ ಅರವತ್ತು ತುಂಬುವವರೆಗೆ ನವೀಕರಣ ಸಿಗುತ್ತದೆ. ಅವಧಿ ಮುಗಿದು ವರ್ಷ ದಾಟಿದರೆ ಮಾತ್ರ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ಅವಧಿ ಮುಗಿದ ಮೇಲೂ ವಾಹನ ಓಡಿಸಲು ಮೊದಲಿದ್ದ 30 ದಿನಗಳ ರಿಯಾಯಿತಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಹೋಗಿದೆ. ಹಾಗಾಗಿ ಹೊಸ ಕಾರ್ಡ್ ಬರುವ ತನಕ ಚಿಕ್ಕಪ್ಪ ಬಸ್ಸಿನಲ್ಲೇ ಓಡಾಡಿದರು.