ಎಚ್‌ಐವಿಯೊಂದಿಗೆ ಬದುಕುತ್ತಿರುವ ಮಹಿಳೆಯರೇ ಮುನ್ನಡೆಸುವ ಆರೋಗ್ಯ ಬೆಂಬಲ ಕಾರ್ಯಕ್ರಮವನ್ನು ಕಟ್ಟುವುದು ಹೇಗೆ?

ಎಚ್‌ಐವಿ ಇದೆ ಎಂದು ಗೊತ್ತಾದ ದಿನ ವೈದ್ಯರು ಹೇಳುವ ಮಾತುಗಳಲ್ಲಿ ಹೆಚ್ಚಿನವು ಮಹಿಳೆಯ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ಮಕ್ಕಳಿಗೂ ಬಂದಿರಬಹುದೇ, ಗಂಡನಿಗೆ ಹೇಗೆ ಹೇಳುವುದು, ಇನ್ನೆಷ್ಟು ವರ್ಷ ಬದುಕಬಹುದು ಎಂಬ ಪ್ರಶ್ನೆಗಳು ಆಗ ಒಟ್ಟಿಗೇ ಮುತ್ತಿಕೊಳ್ಳುತ್ತವೆ. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತ ಇನ್ನೊಬ್ಬ ಮಹಿಳೆ, "ನಾನೂ ಹತ್ತು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ನನ್ನ ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ" ಎಂದರೆ, ಆ ಮಾತಿಗೆ ಯಾವ ಕರಪತ್ರಕ್ಕೂ ಇಲ್ಲದ ತೂಕವಿರುತ್ತದೆ. ಈ ನಂಬಿಕೆಯೇ ಇಡೀ ಕಾರ್ಯಕ್ರಮದ ಬಂಡವಾಳ. ಸಭೆಯ ಜಾಗ, ದೂರವಾಣಿ ಕರೆ, ದಾಖಲೆ ಪುಸ್ತಕ, ಸಂಬಳ, ಹೀಗೆ ಯಾವುದರ ಬಗ್ಗೆ ತೀರ್ಮಾನ ಮಾಡುವಾಗಲೂ ಅದು ಈ ನಂಬಿಕೆಯನ್ನು ಉಳಿಸುತ್ತದೆಯೋ ಕಳೆಯುತ್ತದೆಯೋ ಎಂದು ಮೊದಲು ಕೇಳಿಕೊಳ್ಳಬೇಕು.

ಈ ವಿಚಾರ ಹೊಸದಲ್ಲ. ತಮ್ಮ ಬದುಕಿನ ಕುರಿತ ತೀರ್ಮಾನಗಳಲ್ಲಿ ತಮಗೂ ಪಾಲಿರಬೇಕೆಂದು ಏಡ್ಸ್ ಇದ್ದವರು 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಘೋಷಿಸಿದರು. 1994ರ ಪ್ಯಾರಿಸ್ ಏಡ್ಸ್ ಶೃಂಗಸಭೆಯಲ್ಲಿ 42 ದೇಶಗಳು ಆ ತತ್ತ್ವವನ್ನು ಒಪ್ಪಿಕೊಂಡವು. 2001ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಆರಂಭವಾದ ಮದರ್ಸ್‌ಟುಮದರ್ಸ್ ಸಂಸ್ಥೆಯು ಎಚ್‌ಐವಿ ಇರುವ ತಾಯಂದಿರಿಗೇ ತರಬೇತಿ ಮತ್ತು ಸಂಬಳ ನೀಡಿ, ಗರ್ಭಿಣಿಯರಿಗೆ ಮಾರ್ಗದರ್ಶಕಿಯರಾಗಿ ಆಸ್ಪತ್ರೆಗಳಲ್ಲಿ ನೇಮಿಸಿತು. ಸಂಬಳದ ವಿಷಯವನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

ಮೊದಲು ಕೇಳಿಸಿಕೊಳ್ಳಿ

ಯೋಜನೆಯ ಕರಡು ಸಿದ್ಧವಾದ ಮೇಲೆ ಮಹಿಳೆಯರನ್ನು ಕರೆದು "ನಿಮ್ಮ ಅಭಿಪ್ರಾಯ ಹೇಳಿ" ಎನ್ನುವುದು ಭಾಗವಹಿಸುವಿಕೆಯಲ್ಲ. ಕರಡಿಗೆ ಮೊದಲೇ, ಬೇರೆ ಬೇರೆ ವಯಸ್ಸಿನ ಮತ್ತು ಸ್ಥಿತಿಯ ಮಹಿಳೆಯರೊಂದಿಗೆ ಒಬ್ಬೊಬ್ಬರಾಗಿ ಅಥವಾ ಚಿಕ್ಕ ಗುಂಪುಗಳಲ್ಲಿ ಮಾತನಾಡಬೇಕು: ಈಚೆಗೆ ಸೋಂಕು ತಿಳಿದವರು, ಹುಟ್ಟಿನಿಂದಲೇ ಸೋಂಕಿರುವ ಯುವತಿಯರು, ವಿಧವೆಯರು, ಲೈಂಗಿಕ ವೃತ್ತಿಯಲ್ಲಿರುವವರು, ಟ್ರಾನ್ಸ್ ಮಹಿಳೆಯರು, ಐವತ್ತು ದಾಟಿದವರು. ಚಿಕಿತ್ಸೆಯನ್ನು ನಡುವೆ ಬಿಟ್ಟವರ ಮಾತು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಸೇವೆ ಎಲ್ಲಿ ಕೈಕೊಟ್ಟಿತು ಎಂಬುದು ಅವರಿಗೆ ಮಾತ್ರ ಸರಿಯಾಗಿ ಗೊತ್ತಿರುತ್ತದೆ. ಆಡಳಿತ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟಾದರೂ ಎಚ್‌ಐವಿಯೊಂದಿಗೆ ಬದುಕುವ ಮಹಿಳೆಯರಿರಬೇಕು ಮತ್ತು ಹಣದ ಲೆಕ್ಕ ಅವರ ಕಣ್ಣೆದುರೇ ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಖರ್ಚನ್ನು ನಿರ್ಧರಿಸುವ ಅಧಿಕಾರವಿಲ್ಲದ ಮುಂದಾಳತ್ವ ಹೆಸರಿಗಷ್ಟೇ ಉಳಿಯುತ್ತದೆ.

ಗೋಪ್ಯತೆಯನ್ನು ಸಣ್ಣ ಸಂಗತಿಗಳಲ್ಲಿ ಕಾಯಬೇಕು

ಮಾತ್ರೆ ಡಬ್ಬಿಯನ್ನು ಮನೆಗೆ ಒಯ್ಯುವ ಮೊದಲು ಅದರ ಮೇಲಿನ ಚೀಟಿಯನ್ನು ಕಿತ್ತುಹಾಕಿ, ಚೀಲದೊಳಗೆ ಗಲಗಲ ಸದ್ದಾಗದಂತೆ ಒಳಗೆ ಒಂದಿಷ್ಟು ಹತ್ತಿ ತುರುಕುವ ಮಹಿಳೆಯರಿದ್ದಾರೆ. ಇಷ್ಟು ಎಚ್ಚರದಿಂದ ಬದುಕುವವರ ಮನೆ ಬಾಗಿಲಿಗೆ ಸಂಸ್ಥೆಯ ಹೆಸರು ಬರೆದ ವಾಹನದಲ್ಲಿ ಹೋಗಿ ನಿಂತರೆ, ಅವರು ವರ್ಷಗಟ್ಟಲೆ ಕಾಪಾಡಿಕೊಂಡು ಬಂದದ್ದು ಒಂದು ಮಧ್ಯಾಹ್ನದಲ್ಲಿ ಹೋಗಿಬಿಡುತ್ತದೆ. ಆದ್ದರಿಂದ ಮನೆಗೆ ಬರಬಹುದೇ, ಎಷ್ಟು ಹೊತ್ತಿಗೆ ಕರೆ ಮಾಡಬಹುದು, ಬೇರೆಯವರು ಫೋನ್ ಎತ್ತಿದರೆ ಯಾರೆಂದು ಹೇಳಬೇಕು, ಸಂದೇಶ ಕಳುಹಿಸಬಹುದೇ ಎಂಬುದನ್ನು ಮೊದಲ ಭೇಟಿಯಲ್ಲೇ ಆಕೆಯಿಂದಲೇ ಕೇಳಿ ತಿಳಿದುಕೊಳ್ಳಬೇಕು. ಪರಿಸ್ಥಿತಿ ಬದಲಾಗುತ್ತಿರುತ್ತದೆ, ಹಾಗಾಗಿ ಕೆಲವು ತಿಂಗಳಿಗೊಮ್ಮೆ ಮತ್ತೆ ಕೇಳಬೇಕು. ಸಂದೇಶದಲ್ಲಿ ರೋಗದ, ಔಷಧಿಯ ಅಥವಾ ಚಿಕಿತ್ಸಾ ಕೇಂದ್ರದ ಹೆಸರು ಇರಕೂಡದು.

ಸಭೆಯ ಕೋಣೆಯ ಬಾಗಿಲಿನ ಮೇಲೆ ಗುಂಪಿನ ಉದ್ದೇಶ ಬರೆದ ಫಲಕ ಬೇಡ. ದಾಖಲೆ ಪುಸ್ತಕದಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಇರಲಿ. ಹೆಸರು ಮತ್ತು ಸಂಖ್ಯೆಯನ್ನು ಜೋಡಿಸುವ ಪಟ್ಟಿ ಬೇರೆ ಕಡೆ ಬೀಗದೊಳಗಿರಲಿ. ವಾಟ್ಸ್‌ಆ್ಯಪ್ ಗುಂಪು ಮಾಡುವ ಉತ್ಸಾಹ ಎಲ್ಲರಿಗೂ ಇರುತ್ತದೆ, ಆದರೆ ಗುಂಪಿಗೆ ಸೇರಿದ ಕೂಡಲೇ ಪ್ರತಿಯೊಬ್ಬರ ಮೊಬೈಲ್ ಸಂಖ್ಯೆ ಉಳಿದವರಿಗೆಲ್ಲ ಕಾಣುತ್ತದೆ. ಇದನ್ನು ಮೊದಲೇ ವಿವರಿಸಿ, ಪ್ರತಿಯೊಬ್ಬರ ಒಪ್ಪಿಗೆ ಪಡೆಯದೆ ಯಾರನ್ನೂ ಸೇರಿಸಬಾರದು. ಗೋಪ್ಯತೆ ಮುರಿದರೆ ಏನಾಗುತ್ತದೆ, ದೂರನ್ನು ಯಾರ ಬಳಿ ಹೇಳಬೇಕು ಎಂಬುದೂ ಬರವಣಿಗೆಯಲ್ಲಿರಬೇಕು.

ಒಡನಾಡಿಯರ ಆಯ್ಕೆ ಮತ್ತು ತರಬೇತಿ

ತಾನೂ ಎಚ್‌ಐವಿಯೊಂದಿಗೆ ಬದುಕುತ್ತಾ ಇತರ ಮಹಿಳೆಯರಿಗೆ ನೆರವಾಗುವ ಪೀರ್ ಕಾರ್ಯಕರ್ತೆ ಎಂಬುದಕ್ಕೆ ಇಲ್ಲಿ ಒಡನಾಡಿ ಎಂಬ ಪದ ಬಳಸುತ್ತಿದ್ದೇನೆ. ಚೆನ್ನಾಗಿ ಮಾತನಾಡುವವರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುವವರನ್ನು ಆರಿಸಬೇಕು. ತನ್ನ ಸೋಂಕಿನ ವಿಷಯವನ್ನು ಊರಿಗೆಲ್ಲ ಹೇಳಿಕೊಂಡವಳಾಗಿರಬೇಕು ಎಂಬ ಷರತ್ತು ಬೇಡ. ಆದರೆ ತಾನು ಭೇಟಿಯಾಗುವ ಮಹಿಳೆಯ ಮುಂದೆ ಹೇಳಿಕೊಳ್ಳುವಷ್ಟು ನೆಮ್ಮದಿ ಆಕೆಗೆ ಇರಬೇಕು, ಮತ್ತು ತನ್ನ ಚಿಕಿತ್ಸೆಯಲ್ಲಿ ಒಂದು ಹಿಡಿತ ಬಂದಿರಬೇಕು.

ತರಬೇತಿಯ ಹೆಚ್ಚಿನ ಸಮಯ ಅಭ್ಯಾಸಕ್ಕೆ ಹೋಗಲಿ. ಉದಾಹರಣೆಗೆ, ಇಬ್ಬರನ್ನು ಎದುರುಬದುರು ಕೂರಿಸಿ ಒಬ್ಬಳು "ಮಾತ್ರೆ ತಪ್ಪಿಸುತ್ತಿಲ್ಲ ತಾನೇ?" ಎಂದು ಕೇಳಲಿ. ಇನ್ನೊಬ್ಬಳು "ಇಲ್ಲಕ್ಕಾ" ಎನ್ನುತ್ತಾಳೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದೇ ಪ್ರಶ್ನೆಯನ್ನು "ನನಗೂ ಎಷ್ಟೋ ಸಲ ಮರೆತುಹೋಗಿದೆ, ಕಳೆದ ವಾರ ನಿಮಗೆ ಯಾವ ದಿನ ಕಷ್ಟವಾಯಿತು?" ಎಂದು ಕೇಳಿದರೆ, ಮನೆಗೆ ನೆಂಟರು ಬಂದದ್ದು, ಡಬ್ಬಿಯನ್ನು ಅಡಗಿಸಿಟ್ಟದ್ದು, ಎರಡು ರಾತ್ರಿ ತಪ್ಪಿದ್ದು ತಾನಾಗಿಯೇ ಹೊರಬರುತ್ತದೆ. ಈ ವ್ಯತ್ಯಾಸವನ್ನು ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ.

ತಿಳಿವಳಿಕೆಯ ಭಾಗದಲ್ಲಿ ಯಾವುದಕ್ಕೂ ಅವಸರ ಮಾಡಬಾರದು. ಎಆರ್‌ಟಿ (ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ) ಔಷಧಿಯನ್ನು ತಪ್ಪದೆ ತೆಗೆದುಕೊಂಡು, ರಕ್ತದಲ್ಲಿನ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ ಎಂಬುದನ್ನು ಪ್ರತಿ ಒಡನಾಡಿಯೂ ಅಳುಕಿಲ್ಲದೆ ಹೇಳಬಲ್ಲವಳಾಗಬೇಕು. ಈ ಒಂದು ಮಾತು ಎಷ್ಟೋ ಮಹಿಳೆಯರ ಎದೆಭಾರವನ್ನು ಇಳಿಸುತ್ತದೆ. ಎದೆಹಾಲಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಚಿಕಿತ್ಸೆಯಿಂದ ಅಲ್ಲಿಯೂ ಅಪಾಯ ಬಹಳ ತಗ್ಗುತ್ತದೆ, ಆದರೆ ಸೊನ್ನೆಯಾಗುತ್ತದೆ ಎಂದು ಹೇಳುವಂತಿಲ್ಲ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಗರ್ಭಾವಸ್ಥೆ, ಹೆರಿಗೆ ಮತ್ತು ಎದೆಹಾಲಿನ ಅವಧಿಯಲ್ಲಿ ಒಟ್ಟಾರೆ ಶೇಕಡ 15ರಿಂದ 45ರಷ್ಟು ಮಕ್ಕಳಿಗೆ ಸೋಂಕು ತಗಲಬಹುದು. ಸರಿಯಾದ ಚಿಕಿತ್ಸೆಯಿಂದ ಅದನ್ನು ಶೇಕಡ 5ಕ್ಕಿಂತ ಕೆಳಗಿಳಿಸಬಹುದು.

ಬಹುತೇಕ ಕಾರ್ಯಕ್ರಮಗಳು ಮಾತ್ರೆಯ ಆಚೆಗೆ ನೋಡುವುದೇ ಇಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ. ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಸಾಧ್ಯತೆ ಇತರರಿಗಿಂತ ಆರು ಪಟ್ಟು ಹೆಚ್ಚು. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯು ಅವರಿಗೆ 25ನೇ ವಯಸ್ಸಿನಿಂದಲೇ ತಪಾಸಣೆ ಆರಂಭಿಸಲು, ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಾಣು) ಪರೀಕ್ಷೆಯಾದರೆ 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಲು ಹೇಳುತ್ತದೆ. ಕ್ಷಯದ ಲಕ್ಷಣಗಳು, ಗರ್ಭನಿರೋಧಕಗಳು, ಮುಟ್ಟು ನಿಲ್ಲುವ ಕಾಲದ ತೊಂದರೆಗಳು, ಖಿನ್ನತೆ ಇವೆಲ್ಲವೂ ಒಡನಾಡಿಯ ಮಾತಿನಲ್ಲಿ ಬರಬೇಕು. ದಿನನಿತ್ಯ ಎದುರಾಗುವ ಸಣ್ಣ ವಿಷಯಗಳೂ ಬೇಕು. ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧಿ ತೆಗೆದುಕೊಳ್ಳುವ ಗರ್ಭಿಣಿಗೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನೂ ಕೊಟ್ಟಿರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಎಲ್ಲವನ್ನೂ ಒಟ್ಟಿಗೆ ನುಂಗಿದರೆ ಡೊಲುಟೆಗ್ರಾವಿರ್ ದೇಹಕ್ಕೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಊಟದೊಂದಿಗೆ ತೆಗೆದುಕೊಳ್ಳಬೇಕು, ಇಲ್ಲವೇ ಡೊಲುಟೆಗ್ರಾವಿರನ್ನು ಆ ಮಾತ್ರೆಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಬಳಿಕ ತೆಗೆದುಕೊಳ್ಳಬೇಕು.

ಇಷ್ಟೆಲ್ಲ ತಿಳಿದಿದ್ದರೂ ಔಷಧಿಯನ್ನು ಬದಲಿಸುವುದು, ನಿಲ್ಲಿಸಲು ಹೇಳುವುದು, ಪರೀಕ್ಷೆಯ ಫಲಿತಾಂಶಕ್ಕೆ ತಾನೇ ಅರ್ಥ ಹೇಳುವುದು ಒಡನಾಡಿಯ ಕೆಲಸವಲ್ಲ. ಯಾವ ಲಕ್ಷಣ ಕಂಡರೆ ಅಂದೇ ಆಸ್ಪತ್ರೆಗೆ ಕಳುಹಿಸಬೇಕು, ಅಲ್ಲಿ ಯಾರನ್ನು ಕಾಣಬೇಕು ಎಂಬುದನ್ನು ಚಿಕಿತ್ಸಾ ಕೇಂದ್ರದೊಂದಿಗೆ ಕುಳಿತು ಬರೆದಿಟ್ಟುಕೊಳ್ಳಬೇಕು. ವೈರಲ್ ಲೋಡ್ (ರಕ್ತದಲ್ಲಿನ ವೈರಾಣುವಿನ ಪ್ರಮಾಣ) ಪ್ರತಿ ಮಿಲಿಲೀಟರಿಗೆ 1000ಕ್ಕಿಂತ ಹೆಚ್ಚು ಬಂದ ಮಹಿಳೆಯನ್ನು, ಆಕೆ ಒಪ್ಪಿದರೆ, ಮರುಪರೀಕ್ಷೆಯಾಗುವವರೆಗಿನ ಮೂರು ತಿಂಗಳ ಮಟ್ಟಿಗೆ ಒಬ್ಬ ಒಡನಾಡಿಗೆ ವಹಿಸುವುದು ಒಳ್ಳೆಯ ಕ್ರಮ.

ಹೇಳಿಕೊಳ್ಳುವ ತೀರ್ಮಾನ ಆಕೆಯದು

ಸೋಂಕಿನ ವಿಷಯವನ್ನು ಸಂಗಾತಿಗೆ ಹೇಳಿಕೊಂಡರೆ ಕೆಲವರಿಗೆ ಆಸರೆ ಸಿಗುತ್ತದೆ, ಕೆಲವರಿಗೆ ಹೊಡೆತ ಬೀಳುತ್ತದೆ, ಕೆಲವರು ಮನೆಯಿಂದಲೇ ಹೊರಬೀಳಬೇಕಾಗುತ್ತದೆ. ಹಾಗಾಗಿ ಒಡನಾಡಿ ಎಂದೂ ಒತ್ತಾಯಿಸಬಾರದು, ಆಕೆಯ ಪರವಾಗಿ ತಾನೇ ಹೋಗಿ ಹೇಳಲೂಬಾರದು. ಮೊದಲು ಯಾರಿಗೆ ಹೇಳಬಹುದು, ಎಲ್ಲಿ, ಮಾತು ಕೆಟ್ಟ ದಾರಿ ಹಿಡಿದರೆ ಆ ರಾತ್ರಿ ಎಲ್ಲಿ ತಂಗಬಹುದು ಎಂದು ಜೊತೆಗೆ ಕುಳಿತು ಯೋಚಿಸಬಹುದು. ದೌರ್ಜನ್ಯದ ಮಾತು ಬಂದಾಗ ತನಿಖೆ ಮಾಡುವವರಂತೆ ಕೆದಕಬಾರದು. ಪೂರ್ತಿ ಕೇಳಿಸಿಕೊಂಡು, ನಂಬಿದ್ದೇನೆಂದು ತಿಳಿಸಿ, ಈಗ ಏನು ಬೇಕೆಂದು ವಿಚಾರಿಸಿ, ಸುರಕ್ಷತೆಯ ದಾರಿ ಹುಡುಕಿ, ನೆರವು ನೀಡುವವರೊಂದಿಗೆ ಸಂಪರ್ಕ ಮಾಡಿಸಬೇಕು.

ಸಂಬಳ ಮತ್ತು ಆರೈಕೆ

ಒಡನಾಡಿಯ ಕೆಲಸ ಕೆಲಸವೇ. ಅದನ್ನು ಸೇವೆಯೆಂದು ಹೊಗಳಿ ಬಸ್ ಖರ್ಚನ್ನಷ್ಟೇ ಕೊಡುವುದು ಅನ್ಯಾಯ. ಲಿಖಿತ ಒಪ್ಪಂದ, ನಿಗದಿತ ಸಂಬಳ, ರಜೆ, ತನ್ನದೇ ಚಿಕಿತ್ಸೆಗೆ ಹೋಗಲು ಬಿಡುವು, ಬಡ್ತಿಯ ಅವಕಾಶ ಇವೆಲ್ಲವೂ ಇರಬೇಕು. ಒಬ್ಬರಿಗೆ ಎಷ್ಟು ಮಹಿಳೆಯರನ್ನು ವಹಿಸಬಹುದು, ರಾತ್ರಿಯ ಕರೆಗಳಿಗೆ ಯಾರು ಉತ್ತರಿಸುತ್ತಾರೆ ಎಂಬ ಮಿತಿಯೂ ಇರಬೇಕು. ಬೇರೆಯವರ ಕಥೆಯಲ್ಲಿ ತನ್ನದೇ ಹಳೆಯ ನೋವು ಮರುಕಳಿಸುವ ಕೆಲಸವಿದು. ಒಡನಾಡಿಯರು ವಾರಕ್ಕೊಮ್ಮೆಯಾದರೂ ಕೂಡಿ ಮಾತನಾಡುವ ಸಭೆ, ತಿಂಗಳಿಗೊಮ್ಮೆ ಹೊರಗಿನ ಆಪ್ತಸಮಾಲೋಚಕರ ಭೇಟಿ ಇರಲಿ. ಅವರು ನೋಡಿಕೊಳ್ಳುತ್ತಿದ್ದ ಮಹಿಳೆ ತೀರಿಕೊಂಡಾಗ ಮರುದಿನವೇ ಕ್ಷೇತ್ರಕ್ಕೆ ಕಳುಹಿಸಬೇಡಿ.

ಲೆಕ್ಕವಿಡುವುದು, ಮುಂದುವರಿಸುವುದು

ಎಷ್ಟು ಸಭೆ ನಡೆಯಿತು ಎಂಬ ಎಣಿಕೆಯಿಂದ ಹೆಚ್ಚೇನೂ ತಿಳಿಯದು. ಒಂದು ವರ್ಷದ ಬಳಿಕ ಎಷ್ಟು ಮಂದಿ ಚಿಕಿತ್ಸೆಯಲ್ಲಿದ್ದಾರೆ, ಎಷ್ಟು ಜನರ ವೈರಲ್ ಲೋಡ್ ಹತೋಟಿಯಲ್ಲಿದೆ, ಎಷ್ಟು ಜನರಿಗೆ ಗರ್ಭಕೊರಳಿನ ತಪಾಸಣೆಯಾಯಿತು, ಎಷ್ಟು ಶಿಶುಗಳಿಗೆ ಎರಡು ತಿಂಗಳೊಳಗೆ ಪರೀಕ್ಷೆಯಾಯಿತು ಎಂಬುದನ್ನು ನೋಡಬೇಕು. ಜೊತೆಗೆ ಆಸ್ಪತ್ರೆಯಲ್ಲಿ ತಮ್ಮನ್ನು ಹೇಗೆ ನಡೆಸಿಕೊಂಡರು ಎಂದು ಮಹಿಳೆಯರನ್ನೇ ಕೇಳಬೇಕು. ವರದಿಯಲ್ಲಿ ಒಂದು ಹಳ್ಳಿಯ ಇಬ್ಬರು ಮೂವರ ಲೆಕ್ಕವನ್ನು ಬೇರೆಯಾಗಿ ತೋರಿಸಿದರೆ ಅವರ ಗುರುತು ಸಿಕ್ಕಿಬಿಡಬಹುದು, ಅಂಥ ಅಂಕಿಗಳನ್ನು ಒಟ್ಟುಗೂಡಿಸಿ.

ಒಂದು ಚಿಕಿತ್ಸಾ ಕೇಂದ್ರ ಮತ್ತು ನಾಲ್ಕೈದು ಒಡನಾಡಿಯರೊಂದಿಗೆ ಆರಂಭಿಸಿ, ಆರು ತಿಂಗಳ ಬಳಿಕ ಮಹಿಳೆಯರ ಮುಂದೆಯೇ ಪರಿಶೀಲಿಸಿ ವಿಸ್ತರಿಸುವುದು ಕ್ಷೇಮ. ಅನುದಾನ ಮುಗಿಯುವ ಸೂಚನೆ ಸಿಕ್ಕಿದರೆ ಅದನ್ನು ಕೊನೆಯ ವಾರದವರೆಗೆ ಬಚ್ಚಿಡದೆ ಒಡನಾಡಿಯರಿಗೆ ಕೂಡಲೇ ತಿಳಿಸಬೇಕು. ಪ್ರತಿ ಮಹಿಳೆಗೂ ಮುಂದೆ ಯಾರನ್ನು ಕಾಣಬೇಕೆಂದು ಹೇಳಿ, ಸಾಧ್ಯವಾದರೆ ಆ ಹೊಸಬರನ್ನು ಎದುರಿಗೇ ಪರಿಚಯ ಮಾಡಿಸಿ, ಹೆಸರಿನ ಪಟ್ಟಿ ಮತ್ತು ದಾಖಲೆಗಳನ್ನು ಯಾರಿಗೆ ಒಪ್ಪಿಸಬೇಕು, ಯಾವುದನ್ನು ನಾಶ ಮಾಡಬೇಕು ಎಂಬುದನ್ನು ಅವರ ಒಪ್ಪಿಗೆಯಿಂದಲೇ ತೀರ್ಮಾನಿಸಬೇಕು.