ಪಾರಿವಾಳಕ್ಕೆ ಓಟಿಲ್ಲ: ಒಬ್ಬ ಸೆನೆಟರನ್ನು ಒಲಿಸಿದ ನನ್ನ ಅನುಭವ

ಪಂಜರದಿಂದ ಹಾರಿಬಿಟ್ಟ ಪಾರಿವಾಳಗಳಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ನಿಷೇಧಿಸುವ ಕಲಮಿಗೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮೇಲ್ಮನೆಯಾದ ಸೆನೆಟ್ 2014ರ ಅಕ್ಟೋಬರ್‌ನಲ್ಲಿ 36ಕ್ಕೆ 12 ಮತಗಳಿಂದ ಒಪ್ಪಿಗೆ ಕೊಟ್ಟಿತು. ಆ 36ರಲ್ಲಿ ಒಂದು ಮತ ನಮ್ಮ ಕ್ಷೇತ್ರದ ಸೆನೆಟರದು, ಅದಕ್ಕಾಗಿ ನಾನು ಸುಮಾರು ಐದು ವರ್ಷ ಓಡಾಡಿದ್ದೆ. ಉಳಿದ 35 ಮತಗಳಿಗೆ ದುಡಿದವರು ಬೇರೆಯವರು, ಆ ಕೀರ್ತಿಯಲ್ಲಿ ನನಗೆ ಪಾಲು ಬೇಡ. ಆದರೆ ಈ ಒಂದು ಮತ ನನ್ನ ಗಳಿಕೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಏಕೆಂದರೆ ನಮ್ಮ ಕನ್ನಡ ಕೂಟದ ಗೆಳೆಯರಲ್ಲಿ ಒಬ್ಬರಾದರೂ ಇದು ಆಗುವ ಕೆಲಸವೆಂದು ನಂಬಿರಲಿಲ್ಲ. "ಪಾರಿವಾಳಕ್ಕೇನು ಓಟಿದೆಯೇ ಮಾರಾಯ, ನಿನಗೇಕೆ ಈ ಉಸಾಬರಿ?" ಎಂದು ಪ್ರತಿ ಯುಗಾದಿ ಊಟದ ಪಂಕ್ತಿಯಲ್ಲೂ ಕೇಳಿಸಿಕೊಂಡಿದ್ದೇನೆ.

ನನಗೂ ಮೊದಲು ವಿಷಯ ಸರಿಯಾಗಿ ತಿಳಿದಿರಲಿಲ್ಲ. ಸ್ಕೂಲ್‌ಕಿಲ್ ಕೌಂಟಿಯ ಹೆಗಿನ್ಸ್ ಎಂಬ ಊರಿನಲ್ಲಿ 1934ರಿಂದ ಸೆಪ್ಟೆಂಬರ್‌ನ ಕಾರ್ಮಿಕ ದಿನದಂದು ಜಾತ್ರೆಯಂತೆ ನಡೆಯುತ್ತಿದ್ದ ಸ್ಪರ್ಧೆಯಲ್ಲಿ ಸಾವಿರಾರು ಹಕ್ಕಿಗಳು ಸಾಯುತ್ತಿದ್ದವು. ಗಾಯಗೊಂಡು ಬಿದ್ದವನ್ನು ಚಿಕ್ಕ ಹುಡುಗರು ಓಡಿಹೋಗಿ ಹೆಕ್ಕಿ ಕತ್ತು ಮುರಿಯುತ್ತಿದ್ದರು. ಕ್ರೌರ್ಯ ತಡೆ ಅಧಿಕಾರಿಗಳು ಇಂಥದರ ವಿರುದ್ಧ ದಾವೆ ಹೂಡಬಹುದೆಂದು ರಾಜ್ಯದ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದ ಮೇಲೆ ಅದು ನಿಂತುಹೋಯಿತು. ಕಥೆ ಅಲ್ಲಿಗೆ ಮುಗಿಯಿತೆಂದೇ ಬಹಳ ಜನ ತಿಳಿದಿದ್ದರು. ಮುಗಿದದ್ದು ಒಂದು ಊರಿನ ಜಾತ್ರೆ ಮಾತ್ರ, ಕಾನೂನು ಬದಲಾಗಿರಲಿಲ್ಲ. ಖಾಸಗಿ ಮೈದಾನಗಳಲ್ಲಿ ಸ್ಪರ್ಧೆ ಸದ್ದಿಲ್ಲದೆ ನಡೆದೇ ಇತ್ತು. ಚಳಿಗಾಲದ ಒಂದು ಶನಿವಾರ ಅಂಥ ಮೈದಾನದ ಬೇಲಿಯಾಚೆಯ ಸಾರ್ವಜನಿಕ ರಸ್ತೆಯಲ್ಲಿ ನಿಂತು ಸುಮಾರು ಎರಡು ಗಂಟೆ ನೋಡಿದೆ. ನೆಲದ ಮೇಲಿನ ಪೆಟ್ಟಿಗೆಯ ಮುಚ್ಚಳ ತೆರೆದಾಗ ಹಕ್ಕಿ ಏಳುತ್ತದೆ, ಕೆಲವು ಏಳುವುದೂ ಇಲ್ಲ, ಬೆದರಿ ಅಲ್ಲೇ ಕೂರುತ್ತವೆ. ಹಾಕಿದ ಗೆರೆಯೊಳಗೆ ಬಿದ್ದ ಹಕ್ಕಿಗೆ ಅಂಕ. ಗೆರೆ ದಾಟಿ ಬಿದ್ದದ್ದನ್ನು ಯಾರೂ ಕೇಳುವುದಿಲ್ಲ. ಅಂಥ ಒಂದು ಹಕ್ಕಿ ರೆಕ್ಕೆ ಎಳೆದುಕೊಂಡು ನನ್ನ ಕಾರಿನ ಚಕ್ರದ ಬಳಿಗೆ ಬಂದಿತ್ತು.

ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸಿದ್ಧ ಒಕ್ಕಣೆಯ ಇಮೇಲ್‌ಗಳನ್ನು ನೂರಾರು ಜನರಿಂದ ಸೆನೆಟರಿಗೆ ಕಳಿಸಿದೆ. ಬಂದ ಉತ್ತರವೂ ಸಿದ್ಧ ಒಕ್ಕಣೆಯದೇ ಆಗಿತ್ತು. ಒಂದು ಬೇಸಿಗೆಯಿಡೀ ದೇವಸ್ಥಾನ, ದಿನಸಿ ಅಂಗಡಿ, ಕ್ರಿಕೆಟ್ ಮೈದಾನಗಳ ಮುಂದೆ ನಿಂತು ಸುಮಾರು 1,400 ಸಹಿ ಸಂಗ್ರಹಿಸಿ ಹೆಮ್ಮೆಯಿಂದ ಸೆನೆಟರ ಕಚೇರಿಗೆ ಒಯ್ದರೆ, ಅಲ್ಲಿದ್ದ ಸಹಾಯಕಿ ನನ್ನೆದುರಿಗೇ ಪಿನ್‌ಕೋಡ್ ನೋಡಿ ಬೇರ್ಪಡಿಸತೊಡಗಿದಳು. ನಮ್ಮ ಕ್ಷೇತ್ರದವು ಇನ್ನೂರಕ್ಕಿಂತ ಕಡಿಮೆ ಇದ್ದವು. ನ್ಯೂಜೆರ್ಸಿಯವೇ ಮುನ್ನೂರರ ಮೇಲಿದ್ದವು. ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

ಆಮೇಲೆ ನನ್ನ ಬುದ್ಧಿವಂತಿಕೆಗೆ ಬಿದ್ದ ಪೆಟ್ಟನ್ನೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಇದಕ್ಕೆ 1921ರಲ್ಲೇ ನಿಷೇಧ ಬಂದಿದೆಯೆಂದು ಹೇಳಿದೆ. ಬ್ರಿಟಿಷರ ಉದಾಹರಣೆ ಈ ನೆಲದಲ್ಲಿ ರುಚಿಸುವುದಿಲ್ಲವೆಂಬುದು ಎದುರಿಗಿದ್ದವರ ಮುಖ ನೋಡಿದಾಗ ಗೊತ್ತಾಯಿತು. ಮುಂದಿನ ಭೇಟಿಗೆ ನಮ್ಮ ಭಾರತದ 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯನ್ನೇ ಒಯ್ದೆ. ಅದರ 11ನೆಯ ಕಲಮಿನ ಮೊದಲ ಉಪಕಲಮಿನ ಕೊನೆಯ ಅಂಶದಲ್ಲಿ, ಸೆರೆಯಿಂದ ಬಿಟ್ಟ ಪ್ರಾಣಿಗಳಿಗೆ ಗುಂಡು ಹೊಡೆಯುವ ಪಂದ್ಯವನ್ನು ಏರ್ಪಡಿಸುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧವೆಂದು ಸ್ಪಷ್ಟವಾಗಿದೆ. ಸಹಾಯಕಿ ಗಮನವಿಟ್ಟು ಕೇಳಿ, ದಂಡ ಎಷ್ಟೆಂದು ಕೇಳಿದಳು. ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ಎಂದೆ. ಡಾಲರಿನಲ್ಲಿ ಎಷ್ಟೆಂದಳು. ಒಂದು ಡಾಲರಿಗೂ ಕಡಿಮೆ ಎಂದು ಹೇಳಬೇಕಾಗಿ ಬಂದಾಗ ಆ ಕೋಣೆಯಲ್ಲಿದ್ದ ನಾಲ್ವರೂ ನಕ್ಕರು, ಕೊನೆಗೆ ನಾನೂ ನಕ್ಕೆ. ಆ ಕಾಗದವನ್ನು ಮತ್ತೆ ಯಾರಿಗೂ ತೋರಿಸಲಿಲ್ಲ.

ಪ್ರತಿಭಟನೆಗೂ ಒಂದು ಸಲ ಹೋಗಿದ್ದೆ. ನಮ್ಮ ಗುಂಪಿನವರೊಬ್ಬರು ಸ್ಪರ್ಧಿಗಳನ್ನು ಕೊಲೆಗಡುಕರೆಂದು ಕೂಗಿದ್ದು ಕ್ಯಾಮೆರಾದಲ್ಲಿ ದಾಖಲಾಗಿ, ಮುಂದಿನ ಆರು ತಿಂಗಳು ಸೆನೆಟರ ಕಚೇರಿಯಲ್ಲಿ ನನಗೆ ಭೇಟಿಯೇ ಸಿಗಲಿಲ್ಲ. ಕೂಗಿದವರ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಬೇಲಿಯ ಬಳಿ ನಿಂತು ನೋಡುವವರು ಇಲ್ಲದಿದ್ದರೆ ವಿಷಯ ಹೊರಗೇ ಬರುತ್ತಿರಲಿಲ್ಲ ಎಂಬುದೂ ನಿಜ. ಆದರೆ ಶಾಸಕರ ಬಾಗಿಲು ತಟ್ಟುವವನು ಅದೇ ಗುಂಪಿನಲ್ಲಿ ಕಾಣಿಸಿಕೊಳ್ಳಬಾರದೆಂಬುದನ್ನು ನಾನು ಆರು ತಿಂಗಳ ಬೆಲೆ ಕೊಟ್ಟು ಕಲಿತೆ.

ದಾರಿ ತೆರೆದದ್ದು ಅನಿರೀಕ್ಷಿತವಾಗಿ. ನಮ್ಮ ಕಾರ್ಖಾನೆಯಲ್ಲಿ ನನ್ನ ಪಕ್ಕದ ಯಂತ್ರದವರು, ಪ್ರತಿ ವರ್ಷ ಜಿಂಕೆ ಬೇಟೆಗೆ ರಜೆ ಹಾಕುವ ಹಿರಿಯರು, ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಕರಪತ್ರ ಓದಿ, "ಇದು ಬೇಟೆಯಲ್ಲ, ಇದರಿಂದ ನಮಗೂ ಕೆಟ್ಟ ಹೆಸರು" ಎಂದರು. ನಾನು ಸಸ್ಯಾಹಾರಿ, ಇರುವೆ ಸಾಲು ಕಂಡರೆ ದಾಟಿ ನಡೆಯುವ ಮನೆಯಲ್ಲಿ ಬೆಳೆದವನು. ಬೇಟೆಗಾರರು ನನ್ನ ಪಕ್ಷದವರಾಗಬಲ್ಲರೆಂದು ಅದುವರೆಗೆ ಹೊಳೆದಿರಲಿಲ್ಲ. ನಮ್ಮ ಸೆನೆಟರಿಗೆ ಇದ್ದದ್ದು ಪಾರಿವಾಳದ ಮೇಲಿನ ದ್ವೇಷವಲ್ಲ. ಇಂದು ಪಾರಿವಾಳವೆಂದವರು ನಾಳೆ ಜಿಂಕೆ ಬೇಟೆಯನ್ನೂ ನಿಲ್ಲಿಸುತ್ತಾರೆಂಬ ಭಯ ಅವರ ಮತದಾರರಲ್ಲಿತ್ತು, ಬಂದೂಕುದಾರರ ಪರವಾದ ರಾಷ್ಟ್ರೀಯ ರೈಫಲ್ ಸಂಘವೂ ಅದನ್ನೇ ಮುಂದಿಟ್ಟು ಮಸೂದೆಯನ್ನು ವಿರೋಧಿಸುತ್ತಿತ್ತು. ಆ ಭಯಕ್ಕೆ ನನ್ನಂಥವನು ನೂರು ಸಲ ಸಮಾಧಾನ ಹೇಳಿದರೂ ವ್ಯರ್ಥ. ಬೇಟೆಯ ಪರವಾನಗಿ ಇರುವವನು ಒಮ್ಮೆ ಹೇಳಿದರೆ ಸಾಕು.

ಅಲ್ಲಿಂದ ಮುಂದೆ ಸಂಖ್ಯೆಯ ಆಸೆ ಬಿಟ್ಟೆ. ಕ್ಷೇತ್ರದೊಳಗಿನ ಬೇಟೆಗಾರರಿಂದ ಮಾತ್ರ, ಅವರದೇ ಕೈಬರಹದಲ್ಲಿ, ಅವರಿಗೆ ತೋಚಿದ ಮಾತಿನಲ್ಲಿ ಪತ್ರ ಬರೆಸಿದೆ. ಒಂದೂವರೆ ವರ್ಷದಲ್ಲಿ ಸಿಕ್ಕಿದ್ದು 23 ಪತ್ರ, ಅಥವಾ 24 ಇರಬಹುದು. ಕಾಗುಣಿತದ ತಪ್ಪುಗಳನ್ನು ಬೇಕೆಂದೇ ತಿದ್ದಲಿಲ್ಲ. ಆ ಬೇಟೆಗಾರರನ್ನು ಎಲ್ಲಿ ಹುಡುಕಿದೆ, ಮಾತು ಹೇಗೆ ಆರಂಭಿಸಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಆ ಜಾಗ ಇನ್ನೂ ನನ್ನ ಬಳಕೆಯಲ್ಲಿದೆ. ಪತ್ರಗಳನ್ನು ಒಟ್ಟಿಗೆ ಕೊಡದೆ ವಾರಕ್ಕೊಂದರಂತೆ ಅಂಚೆಗೆ ಹಾಕಿಸಿದೆನೆಂದು ಮಾತ್ರ ಹೇಳಬಲ್ಲೆ. ಒಟ್ಟಿಗೆ ಕೊಟ್ಟದ್ದು ಒಂದೇ ಕಡತವಾಗಿ ಕಪಾಟು ಸೇರುತ್ತದೆ.

ಇದರ ನಡುವೆ ಮಣ್ಣಿನ ಹಕ್ಕಿಯ, ಅಂದರೆ ಗುರಿ ಹೊಡೆಯಲೆಂದು ಗಾಳಿಗೆ ಚಿಮ್ಮಿಸುವ ಬಿಲ್ಲೆಯ, ಪ್ರಯೋಗವನ್ನೂ ಮಾಡಿದೆ. ಹೆಸರಿಗೆ ಮಣ್ಣಾದರೂ ಅದು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟಿನ ಬಿಲ್ಲೆ, ಅಡ್ಡಳತೆ ಸುಮಾರು 11 ಸೆಂಟಿಮೀಟರ್. ಸಿನ್ಸಿನ್ಯಾಟಿಯ ಜಾರ್ಜ್ ಲಿಗೋವ್‌ಸ್ಕಿ 1880ರ ಹೊತ್ತಿಗೆ ಇಂಥ ಬಿಲ್ಲೆಯನ್ನು ರೂಪಿಸಿದ್ದರಿಂದ ಗುರಿಗಾರಿಕೆಗೆ ಜೀವಂತ ಹಕ್ಕಿಯ ಅಗತ್ಯವೇ ಉಳಿದಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಜೀವಂತ ಪಾರಿವಾಳಗಳನ್ನು ಕೊಂದದ್ದು 1900ರ ಪ್ಯಾರಿಸ್‌ನಲ್ಲಿ, ಗೆದ್ದ ಬೆಲ್ಜಿಯಂನವನ ಲೆಕ್ಕ 21 ಹಕ್ಕಿ. ಈಗ ಅಲ್ಲಿ ಸಿಡಿಯುವುದು ಬಿಲ್ಲೆಗಳೇ. ಪುಸ್ತಕದ ಮಾತು ಸಾಲದೆಂದು ನಾನೇ ಹಿರಿಯರ ಜೊತೆ ಮೈದಾನಕ್ಕೆ ಹೋಗಿ ಬಂದೂಕು ಹಿಡಿದೆ. 25 ಬಿಲ್ಲೆಗಳಲ್ಲಿ ನಾನು ಒಡೆದದ್ದು ನಾಲ್ಕು, ಭುಜ ಮೂರು ದಿನ ನೀಲಿಗಟ್ಟಿತ್ತು. ಮನೆಯವಳು ಉಪ್ಪಿನ ಶಾಖ ಕೊಡುತ್ತ, "ಪಾರಿವಾಳದ ಸೇಡು" ಎಂದಳು. ಆದರೆ ಒಂದು ಬಿಲ್ಲೆಯನ್ನು ಸೆನೆಟರ ಮೇಜಿನ ಮೇಲಿಟ್ಟು, "ಇದನ್ನು ಹೊಡೆಯಲು ನನಗೆ ಬರುವುದಿಲ್ಲ, ಬರುವವರನ್ನು ಕರೆತಂದಿದ್ದೇನೆ" ಎಂದಾಗ ಅವರು ಮೊದಲ ಸಲ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತರು.

ಅದುವರೆಗಿನ ಅವರ ಉತ್ತರಗಳೆಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿದ್ದವು. ಅಂದು ಮೂವರು ಬೇಟೆಗಾರರು ಮಾತಾಡಿದರು, ನಾನು ಹೆಚ್ಚೆಂದರೆ ನಾಲ್ಕು ವಾಕ್ಯ ಹೇಳಿದೆ. ಕರುಣೆ, ಅಹಿಂಸೆ ಎಂಬ ಪದಗಳನ್ನು ಬಳಸಲೇ ಇಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ತಪಸ್ಸು. ಏಳುವ ಮುಂಚೆ ಸಹಾಯಕಿಗೆ ಒಂದು ಪ್ರಶ್ನೆ ಕೇಳಿದೆ, ಕೆಲಸವಾದದ್ದು ಆ ಪ್ರಶ್ನೆಯಿಂದಲೆಂದೇ ನನ್ನ ಅನುಮಾನ, ಅದನ್ನೂ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಖರ್ಚು ಕೇಳುವವರಿಗಾಗಿ ನೆನಪಿನಿಂದ ಹೇಳುತ್ತೇನೆ. ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗಿಗೆ ಒಂಬತ್ತು ಸಲ ಹೋಗಿಬಂದ ಪೆಟ್ರೋಲು ಮತ್ತು ಹೆದ್ದಾರಿ ಸುಂಕ ಸುಮಾರು 500 ಡಾಲರ್, ಮೊದಲ ವರ್ಷಗಳ ಕರಪತ್ರ ಮತ್ತು ಬ್ಯಾನರಿಗೆ 900, ಸಂಬಳವಿಲ್ಲದ ರಜೆಯ ಲೆಕ್ಕ ಬೇರೆ. ಫಲ ಕೊಟ್ಟ ಪತ್ರಗಳಿಗೆ ತಗಲಿದ್ದು ಅಂಚೆಚೀಟಿಯ ಹಣ ಮಾತ್ರ, ಒಂದಕ್ಕೆ 46 ಸೆಂಟು, ಆಮೇಲೆ 49; ಎಲ್ಲ ಸೇರಿ ಹನ್ನೆರಡು ಡಾಲರ್ ದಾಟಿರಲಾರದು. ಬ್ಯಾನರುಗಳು ಈಗಲೂ ಗ್ಯಾರೇಜಿನಲ್ಲಿವೆ.

ನಾಯಿ ಬೆಕ್ಕುಗಳ ಮಾಂಸ ಮಾರಾಟ ತಡೆಯುವ ಮಸೂದೆಗೆ ಪಾರಿವಾಳದ ಕಲಮನ್ನು ಸೇರಿಸಿ ಸೆನೆಟ್ ಮತ ಹಾಕಿದ ರಾತ್ರಿ, ಸಹಾಯಕಿಯೇ ಫೋನ್ ಮಾಡಿ ತಿಳಿಸಿದಳು. ಕೂಟದ ಗೆಳೆಯರಿಗೆ ನಾನು ಬೇಕೆಂದೇ ಮರುದಿನದವರೆಗೆ ಹೇಳಲಿಲ್ಲ, ಅವರಾಗಿಯೇ ಓದಲಿ ಎಂದು ಕಾದೆ. ಕೆಳಮನೆಯ ಮುಖಂಡರು ಮಸೂದೆಯನ್ನು ಮತಕ್ಕೇ ಹಾಕದೆ ಅವಧಿ ಮುಗಿಸಿದ್ದರಿಂದ ಅದು ಆ ಬಾರಿ ಬಿದ್ದುಹೋಯಿತು. ಅಲ್ಲಿ 203 ಸದಸ್ಯರು, ಬೇಕಾದದ್ದು 102 ಮತ. ನಮ್ಮ ಕ್ಷೇತ್ರದ ಕೆಳಮನೆಯ ಸದಸ್ಯರಿಗೆ ಮೊದಲ ಪತ್ರವನ್ನು ಕಾರ್ಖಾನೆಯ ಆ ಹಿರಿಯರೇ ಡಿಸೆಂಬರಿನಲ್ಲಿ, ಜಿಂಕೆ ಬೇಟೆಯಿಂದ ಮರಳಿದ ವಾರವೇ ಬರೆದುಕೊಟ್ಟರು. ಅಂಚೆಚೀಟಿ ನಾನು ಹಚ್ಚಿದೆ.